ಮೈಕು ಕೆಟ್ಟ ಬೀದಿ

“ಮೂವತ್ತು ವಿಡಿಯೋ ಹಾಕಿದ್ದೀವಿ ಮಾವ, ಮೂವತ್ತು! ನೋಡಿದ್ದು ಯಾರು ಗೊತ್ತಾ? ನಮ್ಮಮ್ಮ, ಡ್ರಮ್ಮರ್ ಅಮ್ಮ, ಆಮೇಲೆ ಬೋಳುತಲೆಗೆ ಎಣ್ಣೆ ಮಾರೋನೊಬ್ಬ.”

ಮಾವನ ಅಕ್ಕನ ಮಗಳು ಗಿಟಾರನ್ನು ಸೋಫಾಗೆ ಒರಗಿಸಿ ತಾನೂ ದೊಪ್ಪನೆ ಕುಳಿತಳು. ಶನಿವಾರ ಸಂಜೆ ಅವಳ ಬ್ಯಾಂಡಿನ ಕಾರ್ಯಕ್ರಮ. ಹೋದ ಸಲ ಬಂದಿದ್ದವರು ಒಂಬತ್ತು ಜನ, ಅವರಲ್ಲಿ ಐವರು ನೆಂಟರು. ಈ ಸಲವೂ ಅಷ್ಟೇ ಆದರೆ ಬ್ಯಾಂಡಿಗೆ ಮಂಗಳ ಹಾಡುವುದೆಂದು ನಾಲ್ವರೂ ಮಾತಾಡಿಕೊಂಡಾಗಿತ್ತು. ಕೊನೆಯ ಪ್ರಯತ್ನವೆಂದು ಅವಳು ಮೈಕು ಮಾವನ ಮನೆಗೆ ಬಂದಿದ್ದಳು.

ಮೈಕು ಮಾವ ಎಂದರೆ ಒಂದು ಕಾಲಕ್ಕೆ ಊರಿಗೇ ಗೊತ್ತಿದ್ದ ಗಂಟಲು. ಆರ್ಕೆಸ್ಟ್ರಾ ಬರಲಿ, ನಾಟಕ ಬರಲಿ, ಬಾಡಿಗೆ ಕಾರಿನ ನೆತ್ತಿಗೆ ಹಾರ್ನ್ ಸ್ಪೀಕರ್ ಕಟ್ಟಿಕೊಂಡು ಬೀದಿ ಬೀದಿ ಸುತ್ತುತ್ತಿದ್ದವರು ಅವರೇ. “ಮರೆಯದಿರಿ, ಮರೆತು ನಿರಾಶರಾಗದಿರಿ” ಎಂದು ಅವರು ಎಳೆದು ನಿಲ್ಲಿಸಿದರೆ ಮಲಗಿದ್ದವರೂ ಎದ್ದು ಚಪ್ಪಲಿ ಹುಡುಕುತ್ತಿದ್ದರಂತೆ. ಎರಡು ವರ್ಷದ ಹಿಂದೆ ಆ ಗಂಟಲಿಗೇ ಆಪರೇಷನ್ ಆಯಿತು. ಉಳಿದದ್ದು ಎಣ್ಣೆ ಕಾಣದ ಬಾಗಿಲಿನ ಹಾಗೆ ಕಿರುಗುಟ್ಟುವ ದನಿ. ಅಂದಿನಿಂದ ಮನೆಯವರ ಎದುರು ಬಿಟ್ಟರೆ ಮಾವ ತುಟಿ ಪಿಟಕ್ಕೆಂದವರಲ್ಲ. ಅಂಗಡಿಯಲ್ಲೂ ಚೀಟಿ ಬರೆದು ಕೊಡುತ್ತಿದ್ದರು.

ಅವಳು ಫೋನು ಕೊಟ್ಟಳು. ಮಾವ ಕನ್ನಡಕ ಏರಿಸಿಕೊಂಡು ಒಂದೊಂದೇ ವಿಡಿಯೋ ನೋಡಿದರು. ಎಲ್ಲದರಲ್ಲೂ ಬ್ಯಾಂಡಿನ ನಾಲ್ವರು ಕೈಬೀಸುತ್ತ “ಹಾಯ್ ಫ್ರೆಂಡ್ಸ್” ಎಂದು ಅರಚುತ್ತಿದ್ದರು. ಬೆರಳು ಸರಿಸಿದರೆ ಮುಂದೆ ಬಂದ ಬೇರೆಯವರ ವಿಡಿಯೋದವನೂ ಅರಚುತ್ತಿದ್ದ, ಅದರ ಮುಂದಿನವಳೂ.

“ಸಂತೇಲಿ ಕೂಗಿದ್ರೆ ಯಾರು ತಿರುಗಿ ನೋಡ್ತಾರೆ?” ಎಂದರು ಮಾವ. “ಮೊದಮೊದಲು ನಾನೂ ಕೂಗಿದೋನೇ. ಒಂದಿನ ಒಂದು ಬೀದೀಲಿ ಹಾಡು ಹಾಕಿದ್ದೆ, ಪಲ್ಲವಿ ಅರ್ಧಕ್ಕೆ ವೈರು ಕಿತ್ತೋಯ್ತು. ಸದ್ದೇ ಇಲ್ಲ. ನೋಡ್ತೀನಿ, ಸಾಲುಮನೆ ಬಾಗಿಲೆಲ್ಲ ತೆಗೀತಿವೆ! ಅಲ್ಲೀವರೆಗೆ ಒಂದು ನರಪಿಳ್ಳೆ ಹೊರಗೆ ಬಂದಿರ್ಲಿಲ್ಲ. ಅರ್ಧ ಹಾಡು ಕಿವೀಲಿ ಕಡಿತಾ ಇರುತ್ತೆ ಕಣೇ, ಮಿಕ್ಕರ್ಧಕ್ಕೆ ಜನ ತಾವೇ ಬರ್ತಾರೆ.”

“ಆಮೇಲೆ?”

“ಆಮೇಲೇನು, ಆ ಬೀದಿಗೆ ಹೋದಾಗಲೆಲ್ಲ ನಾನೇ ವೈರು ಕೀಳ್ತಿದ್ದೆ.” ಮಾವ ಅಡುಗೆಮನೆಯ ಕಡೆ ಕಣ್ಣು ಹಾಯಿಸಿ ದನಿಯನ್ನು ಇನ್ನಷ್ಟು ಇಳಿಸಿದರು. “ಮೂಲೆಮನೆ ಹುಡುಗಿಯೊಬ್ಳು ಬಾಗಿಲಿಗೆ ಬಂದು, ‘ಮೈಕು ಕೆಟ್ಟೋಯ್ತಾ?’ ಅಂತ ಕೇಳ್ತಿದ್ಳು. ಊರಿಗೆಲ್ಲ ಮಾತಾಡೋ ನನಗೆ ಅವಳ ಮುಂದೆ ನಾಲಿಗೇನೇ ಹೊರಳ್ತಿರ್ಲಿಲ್ಲ. ಹೂಂ ಅಂತ ತಲೆ ಆಡಿಸಿ ಬರ್ತಿದ್ದೆ. ನಿಮ್ಮತ್ತೆ ಇವತ್ತಿಗೂ ಅದು ನಿಜವಾಗ್ಲೂ ಕೆಡ್ತಿತ್ತು ಅಂತಾನೇ ನಂಬಿದ್ದಾಳೆ. ನೀನೂ ಬಾಯಿ ಬಿಡ್ಬೇಡ.”

ಒಳಗೆ ಅತ್ತೆ ಪಾತ್ರೆ ತೊಳೆಯುವ ಸದ್ದಿತ್ತು. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಮಾವನೂ ನಕ್ಕರು. ಆದರೆ ಆ ಬೀದಿ, ಆ ಕಾರು, ಎಲ್ಲಕ್ಕಿಂತ ಹೆಚ್ಚಾಗಿ ಆ ಗಂಟಲು ನೆನಪಾಗಿ ಅವರ ನಗು ಅರ್ಧಕ್ಕೇ ನಿಂತಿತು.

“ಸರಿ ಮಾವ, ನಾನು ಅರ್ಧ ಪಲ್ಲವಿ ಹಾಡಿ ನಿಲ್ಲಿಸ್ತೀನಿ. ಐದು ಎಣಿಸೋವರೆಗೆ ಇಬ್ರೂ ಸುಮ್ನಿರೋಣ. ಆಮೇಲೆ ನೀವು ನಿಮ್ಮ ‘ಮರೆಯದಿರಿ’ ಹೇಳಿ. ಜಾಗ, ಟೈಮು ಎಲ್ಲ ನಾನು ಕೆಳಗೆ ಬರೀತೀನಿ.”

“ಈ ದನೀಲಾ? ಬೇಡಮ್ಮ. ಹಳೇ ದನಿ ಕೇಳಿದೋರು ಇನ್ನೂ ಇದ್ದಾರೆ. ಅವರ ಕಿವೀಲಾದ್ರೂ ಅದು ಹಂಗೇ ಇರ್ಲಿ.”

“ಇಲ್ಲಿ ಎಲ್ರೂ ಕೂಗೋರೇ ಮಾವ. ನಿಮ್ಮ ದನಿ ಕೇಳ್ಬೇಕು ಅಂದ್ರೆ ಫೋನನ್ನ ಕಿವಿ ಹತ್ರ ತರ್ಬೇಕು. ನಮಗೆ ಬೇಕಾಗಿರೋದೂ ಅದೇ ಅಲ್ವಾ?”

ಮಾವ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಅದನ್ನೇ ಒಪ್ಪಿಗೆ ಎಂದುಕೊಂಡು ಅವಳು ಫೋನನ್ನು ನೀರಿನ ಹೂಜಿಗೆ ಆನಿಸಿ ನಿಲ್ಲಿಸಿದಳು. ರೆಕಾರ್ಡ್ ಒತ್ತಿ ಗಿಟಾರ್ ಎತ್ತಿಕೊಂಡಳು.

ಹಾಡು ಚೆನ್ನಾಗಿತ್ತು. ಇಷ್ಟು ಚೆನ್ನಾಗಿರುವುದನ್ನು ಒಂಬತ್ತೇ ಜನ ಕೇಳಿದರಲ್ಲ ಎಂದು ಮಾವನಿಗೆ ಸಿಟ್ಟೂ ಬಂತು. ಪಲ್ಲವಿ ಏರುತ್ತಿದ್ದಂತೆ ಅವಳು ಅಂಗೈಯಿಂದ ತಂತಿಗಳನ್ನು ಒತ್ತಿ ಹಿಡಿದಳು. ಕೋಣೆ ನಿಶ್ಶಬ್ದವಾಯಿತು. ಒಂದು. ಎರಡು. ಒಳಗೆ ನಲ್ಲಿ ನಿಂತಿತು. ಮೂರು. ಮಾವ ಬೇಡ ಎಂದು ಕೈಯಾಡಿಸಲು ಹೊರಟರು.

ಅಷ್ಟರಲ್ಲಿ ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು, ಒದ್ದೆ ಕೈ ಚೌಕಟ್ಟಿನ ಮೇಲೆ. ಮುಖವೇನೋ ಗಂಭೀರವಾಗಿಯೇ ಇತ್ತು, ಕಣ್ಣು ಮಾತ್ರ ನಗುತ್ತಿತ್ತು.

“ಯಾಕ್ರೀ, ಮೈಕು ಕೆಟ್ಟೋಯ್ತಾ?” ಎಂದರು. “ಇಲ್ಲಾಂದ್ರೆ ಯಾವಾಗ್ಲೂ ಮಾಡ್ತಿದ್ದ ಹಾಗೆ ನೀವೇ ವೈರು ಕಿತ್ರಾ?”

ಮಾವನಿಗೆ ನಾಲಿಗೆ ಹೊರಳಲಿಲ್ಲ. ಹೂಂ ಎಂದು ತಲೆಯಾಡಿಸಿದರು. ಆಮೇಲೆ ಫೋನಿನ ಕಡೆ ನೋಡದೆ, ಬಾಗಿಲಿನ ಕಡೆಗೇ ತಿರುಗಿ, ಇದ್ದಷ್ಟು ದನಿಯನ್ನು ಒಟ್ಟುಮಾಡಿಕೊಂಡು ಹೇಳಿದರು.

“ಮರೆಯದಿರಿ…”

ಅಲ್ಲಿಗೆ ದನಿ ಕಟ್ಟಿತು. ಮಿಕ್ಕರ್ಧ ಬರಲಿಲ್ಲ. ಅತ್ತೆ ಚೌಕಟ್ಟಿಗೆ ಒರಗಿಕೊಂಡು, ಅವರು ಎಳೆಯುತ್ತಿದ್ದ ಹಾಗೇ ಎಳೆದು, ಅವರು ನಿಲ್ಲಿಸುತ್ತಿದ್ದ ಕಡೆಯೇ ನಿಲ್ಲಿಸಿ ಮುಗಿಸಿದರು:

“ಮರೆತು… ನಿರಾಶರಾಗದಿರಿ.”