ಗುಡ್ಡದ ಮೇಲಿನ ದುರ್ಬೀನು

“ನಮ್ಮ ಮನೆ ಕಾಣಿಸುತ್ತೇನಪ್ಪಾ ಇದರಲ್ಲಿ?” ಎಂದು ಅತ್ತೆ ಕೇಳಿದ್ದೇ ತಡ, ಸೊಸೆಯ ಎದೆ ಧಸಕ್ಕೆಂದಿತು. ಊರಂಚಿನ ಗುಡ್ಡದ ತುದಿಯಲ್ಲಿ ಕಬ್ಬಿಣದ ಕಟಕಟೆ ಇರುತ್ತದೆ, ಗಾಳಿ ಇರುತ್ತದೆ, ಹೆಚ್ಚೆಂದರೆ ಕಡಲೆಕಾಯಿ ಮಾರುವವನಿರುತ್ತಾನೆ ಎಂದುಕೊಂಡು ಬಂದಿದ್ದಳು. ಮೂರು ಕಾಲಿನ ಮೇಲೆ ಹಿತ್ತಾಳೆಯ ದುರ್ಬೀನು ನಿಲ್ಲಿಸಿಕೊಂಡು ಒಬ್ಬ ಕಾದಿರುತ್ತಾನೆಂದು ಯಾರು ಕನಸು ಕಂಡಿದ್ದರು? ಸಾಲದ್ದಕ್ಕೆ, ಕೊನೆಯ ಏರಿನಲ್ಲಿ ಕೂತೇಬಿಟ್ಟ ಅತ್ತೆಯನ್ನು ಎಬ್ಬಿಸಲು, “ಮೇಲೆ ಹೋದ್ರೆ ನಮ್ಮ ಬೀದಿ ಕಾಣುತ್ತೆ ಬನ್ನಿ ಅತ್ತೆ” ಎಂದು ಆಸೆ ಹುಟ್ಟಿಸಿದವಳೂ ಅವಳೇ.

“ಮನೆ ಏನಮ್ಮಾ, ಮನೇಲಿ ಒಣಗೋಕೆ ಹಾಕಿರೋ ಅಂಗಿಯ ಗುಂಡಿ ಎಣಿಸಬಹುದು. ಗುರುತು ಹೇಳಿ” ಎಂದ ದುರ್ಬೀನಿನವನು.

“ಗಡಿಯಾರದ ಗೋಪುರದ ಹಿಂದೆ. ತಾರಸಿ ಮೇಲೆ ಕಿತ್ತಳೆ ಬಣ್ಣದ ನೀರಿನ ಟ್ಯಾಂಕು. ಊರಿಗೆಲ್ಲ ಅದೊಂದೇ. ನನ್ನ ಮಗನೇ ಬಣ್ಣ ಹೊಡೆದದ್ದು. ಚಪ್ಪಲಿ ಕಾರ್ಖಾನೇಲಿ ಸೂಪರ್‌ವೈಸರ್ ಅವನು.”

ಆ ಚಪ್ಪಲಿ ಕಾರ್ಖಾನೆ ಬಾಗಿಲು ಹಾಕಿ ತಿಂಗಳು ಕಳೆದಿತ್ತು. ಅತ್ತೆಯೋ, ಹೋದ ವರ್ಷವಷ್ಟೇ ಎದೆನೋವೆಂದು ಆಸ್ಪತ್ರೆಯಲ್ಲಿ ಮಲಗಿ ಎದ್ದ ಜೀವ. ಬೇರೆ ಕೆಲಸ ಸಿಗುವವರೆಗೆ ಅಮ್ಮನ ಕಿವಿಗೆ ಬೀಳಕೂಡದೆಂದು ಗಂಡ ಅವಳಿಂದ ಮಾತು ತೆಗೆದುಕೊಂಡಿದ್ದ. ಎಂದಿನಂತೆ ಇಸ್ತ್ರಿ ಅಂಗಿ ತೊಟ್ಟು, ಊಟದ ಡಬ್ಬಿ ಹಿಡಿದು ಬೆಳಿಗ್ಗೆ ಹೊರಡುತ್ತಿದ್ದ. ಮಧ್ಯಾಹ್ನದವರೆಗೆ ಕಂಡಕಂಡ ಬಾಗಿಲು ತಟ್ಟುತ್ತಿದ್ದ. ಆಮೇಲೆ ಕೂರಲು ಜಾಗವಿಲ್ಲ. ಎಲ್ಲೋ ಒಂದು ಬೆಂಚಿನ ಮೇಲೆ ಕಣ್ಣು ಮುಚ್ಚಿದರೆ ಕಾವಲುಗಾರ ಕೋಲು ಕುಟ್ಟಿ ಎಬ್ಬಿಸುತ್ತಾನೆ. ಅದನ್ನು ಕೇಳಿದ ದಿನವೇ ಸೊಸೆ, ಅತ್ತೆಗೆ ಊರು ತೋರಿಸುವ ಪಣ ತೊಟ್ಟಳು. ಇವರಿಬ್ಬರೂ ಬೀಗ ಹಾಕಿ ಹೊರಬಿದ್ದರೆ ಅವನು ಇನ್ನೊಂದು ಕೀಲಿಯಿಂದ ಒಳಹೊಕ್ಕು ಕಾಲು ಚಾಚಬಹುದು. ಊಟ ಮಾತ್ರ ತಾರಸಿಯ ಮೇಲೆ, ಟ್ಯಾಂಕಿನ ನೆರಳಲ್ಲಿ. ಒಳಗೆ ಒಂದು ಅಗುಳು ಬಿದ್ದರೂ ಅಮ್ಮನ ಕಣ್ಣು ಬಿಡುವುದಿಲ್ಲ.

ಅತ್ತೆಗೆ ಇದಾವುದೂ ಗೊತ್ತಿಲ್ಲ. ಇಂಥ ಸೊಸೆ ಯಾರಿಗುಂಟು ಎಂದು ಬೀದಿಯೆಲ್ಲ ಹೇಳಿಕೊಂಡು ಬರುತ್ತಿದ್ದರು; ಹೋದಲ್ಲೆಲ್ಲ ತಪ್ಪು ಹುಡುಕುವುದನ್ನೂ ಬಿಟ್ಟಿರಲಿಲ್ಲ. ಬೇಸಿಗೆಯ ಜಲಪಾತ ನೋಡಿ, “ಇದಕ್ಕೆ ಬಸ್ಸು ಹತ್ತಿ ಬರಬೇಕಿತ್ತಾ? ನಮ್ಮ ಬಚ್ಚಲಿನ ನಲ್ಲೀಲಿ ಇದಕ್ಕಿಂತ ಜೋರಾಗಿ ಬರುತ್ತೆ” ಎಂದಿದ್ದರು. ಕೆರೆಯಂಚಿನ ಉದ್ಯಾನದಲ್ಲಿ, “ಹುಲ್ಲು ತುಳೀಬೇಡಿ ಅಂತಾರೆ, ಕೂರೋಕೊಂದು ಕಲ್ಲಿಲ್ಲ. ಬಂದೋರು ಗಾಳೀಲಿ ತೇಲಬೇಕೇನೇ?” ಎಂದು ಮಾಲಿಗೆ ಕೇಳುವಂತೆಯೇ ಅಂದಿದ್ದರು.

“ಬೇಡ ಅತ್ತೆ, ಇದೆಲ್ಲಾ ಟೋಪಿ ಹಾಕೋ ಕೆಲಸ. ಕಣ್ಣಿಗೆ ಬೇರೆ ಒಳ್ಳೇದಲ್ಲ” ಎಂದಳು ಸೊಸೆ.

“ಯಾರಮ್ಮಾ ಟೋಪಿ ಹಾಕೋರು?” ದುರ್ಬೀನಿನವನಿಗೆ ರೇಗಿತು. ಕೊಳವೆಯನ್ನು ಅತ್ತ ಇತ್ತ ತಿರುಗಿಸಿ, “ಅಗೋ, ಕಿತ್ತಳೆ ಟ್ಯಾಂಕು! ಅಂಗೈಯಲ್ಲಿಟ್ಟ ಹಾಗಿದೆ. ನೋಡಮ್ಮಾ” ಎಂದು ಸರಿದು ನಿಂತ.

ಅತ್ತೆ ಒಂದು ಕಣ್ಣು ಮುಚ್ಚಿ ಬಗ್ಗಿದರು. ಕಥೆಯ ರಾಕ್ಷಸನ ಪ್ರಾಣ ಎಲ್ಲೋ ಗಿಳಿಯೊಳಗಿರುವ ಹಾಗೆ, ಸೊಸೆಯ ಪ್ರಾಣವೆಲ್ಲ ಆ ಕೊಳವೆಯಾಚೆ, ಟ್ಯಾಂಕಿನ ನೆರಳಲ್ಲಿ ಕೂತಿತ್ತು. ಇವತ್ತೊಂದು ದಿನ ಅವನು ತಡವಾಗಿ ಬರಲಿ. ಇಲ್ಲವೇ ಊಟ ಮುಗಿಸಿ ಒಳಗೆ ಹೋಗಿ ಮಲಗಿರಲಿ.

“ಅಯ್ಯೋ, ಎಷ್ಟು ಹತ್ತಿರ! ಬಣ್ಣ ಆಗಲೇ ಚಕ್ಕೆ ಎದ್ದಿದೆ ನೋಡು, ಅವನಿಗೆ ಹೇಳ...” ನಿದ್ದೆಯಲ್ಲೂ ಬಾಯಿ ಮುಚ್ಚದ ಅತ್ತೆ, ಗಾಜಿಗೆ ಕಣ್ಣಂಟಿಸಿ ಸುಮ್ಮನಾದರು. ಬೆನ್ನು ಮಾತ್ರ ಒಂದು ಸಲ ಮೇಲೆದ್ದು ಕೆಳಗಿಳಿಯಿತು.

“ಏನು ಕಾಣ್ತು ಅತ್ತೆ?”

“ಏನಿರುತ್ತೆ? ಬಿಸಿಲು.” ಅತ್ತೆ ನೆಟ್ಟಗಾದರು. ಮುಖದಲ್ಲಿ ಒಂದು ಗೆರೆಯೂ ಆಚೀಚೆ ಆಗಿರಲಿಲ್ಲ. “ನಡಿ, ಹೋಗೋಣ.”

“ಎಲ್ಲಿಗೆ ಹೋಗ್ತೀರಿ? ಇಬ್ಬರಿಗೆ ಸೇರಿ ಒಂದೇ ಟಿಕೀಟು ಇಲ್ಲಿ. ಇವರೂ ನೋಡಲಿ. ಆಮೇಲೆ ಹೇಳಲಿ, ನಾನು ಟೋಪಿ ಹಾಕಿದ್ನಾ ಅಂತ.” ದುರ್ಬೀನಿನವನು ಪಟ್ಟು ಹಿಡಿದ.

“ಅವಳಿಗೆ ಬೇಡಪ್ಪಾ. ದಿನಾ ಗುಡಿಸಿ ಒರೆಸಿ ಸಾಕಾಗಿರೋ ಮನೇನ ಇಲ್ಲಿಂದ ಬೇರೆ ನೋಡ್ಬೇಕಾ?” ಎಂದರು ಅತ್ತೆ. ಸೊಸೆಗೆ ತಡೆಯಲಾಗಲಿಲ್ಲ. ಅತ್ತೆ ಕಂಡದ್ದೇನೆಂದು ಈಗಲೇ ತಿಳಿಯಬೇಕಿತ್ತು. ಅವಳು ಬಗ್ಗುವಷ್ಟರಲ್ಲಿ ಅತ್ತೆಯ ಅಂಗೈ ಕೊಳವೆಯ ಹಿಂತುದಿಯನ್ನು ಮೆಲ್ಲಗೆ ಕೆಳಕ್ಕೆ ಅದುಮಿತು. ಮುಂತುದಿ ಮೇಲೆದ್ದಿತು. ಗಾಜಿನಲ್ಲಿ ಬರೀ ಆಕಾಶ. ಮೋಡವೂ ಇಲ್ಲ, ಹಕ್ಕಿಯೂ ಇಲ್ಲ.

ಅತ್ತೆ ಕಂಡಿದ್ದಾರೆ. ಕಂಡದ್ದು ಸೊಸೆಯ ಕಣ್ಣಿಗೆ ಬೀಳದಿರಲೆಂದು ಹೀಗೆ ಹಿಡಿದು ನಿಂತಿದ್ದಾರೆ. ಅವಳು ಅಲ್ಲಾಡಲಿಲ್ಲ.

“ಕಾಣ್ತೇನೇ?”

“ಕಾಣ್ತು ಅತ್ತೆ” ಎಂದಳು, ಆ ನೀಲಿಯಿಂದ ಕಣ್ಣು ಕೀಳದೆ. “ನಮ್ಮ ಟ್ಯಾಂಕು, ನಮ್ಮ ತಾರಸಿ. ಯಾರೂ ಇಲ್ಲ.”

ಕೊಳವೆಯ ಮೇಲಿನ ಕೈ ಒಂದು ಗಳಿಗೆ ಹಾಗೇ ನಿಂತಿತು. ಆಮೇಲೆ ಸೊಸೆಯ ಬೆನ್ನ ಮೇಲೆ ಬಂದು ಕೂತಿತು.

“ಹೌದು, ಯಾರೂ ಇಲ್ಲ” ಎಂದರು ಅತ್ತೆ. “ನಿಧಾನಕ್ಕೆ ಇಳಿಯೋಣ ಕಣೇ. ಈಗಷ್ಟೇ ಊಟಕ್ಕೆ ಕೂತಿದ್ದಾನೆ.”