ಗಾಜು ಹಾಕಿಸಿದ ಕರ್ನಾಟಕ

ಶಿರಾ ಕಡೆಯ ಒಂದು ಸರ್ಕಾರಿ ಹೈಸ್ಕೂಲು. ಅಲ್ಲಿ ಸಮಾಜ ವಿಜ್ಞಾನ ಕಲಿಸುವವರು ಸುಮಂಗಲಾ ಟೀಚರ್...

ಅವರ ಎಂಟನೇ ಕ್ಲಾಸಿನಲ್ಲಿ ಸಿಂಚನ ಎಂಬ ಹುಡುಗಿ. ಹುಟ್ಟಿನಿಂದಲೇ ಕಣ್ಣು ಕಾಣದು. ಮಾತು ಮಾತ್ರ ಅರಳು ಹುರಿದ ಹಾಗೆ!

ಆದರೆ ಉಳಿದ ಮಕ್ಕಳು ಮ್ಯಾಪ್ ಬಿಡಿಸುವ ಪೀರಿಯಡ್‌ನಲ್ಲಿ ಅವಳ ಬಾಯಿಗೆ ಬೀಗ. ಸುಮ್ಮನೆ ಡೆಸ್ಕ್ ಮೇಲೆ ಕೈಯಿಟ್ಟುಕೊಂಡು ಕೂತಿರುತ್ತಿದ್ದಳು...

ಟೀಚರ್‌ಗೆ ಕರುಳು ಚುರುಕ್ ಅನ್ನುತ್ತಿತ್ತು. ಅಂಧ ಮಕ್ಕಳಿಗೆ ಕಲಿಸುವ ಶಿಕ್ಷಕರಿಗೆ ಜಿಲ್ಲಾ ಕೇಂದ್ರದಲ್ಲಿ ತರಬೇತಿ ಇದೆ ಅಂತ ಗೊತ್ತಾದಾಗ ತಾವೇ ಹೆಸರು ಕೊಟ್ಟು ಹೋದರು.

ವಾಪಸ್ ಬಂದವರೇ, ಭಾನುವಾರಗಳನ್ನೆಲ್ಲ ಅದಕ್ಕೇ ಸುರಿದು, ಮುಟ್ಟಿ ಓದುವ ಕರ್ನಾಟಕ ನಕ್ಷೆ ಮಾಡಿದರು. ಗಡಿಗೆ ದಪ್ಪ ನೂಲು. ಪಶ್ಚಿಮ ಘಟ್ಟಕ್ಕೆ ಸಾಲಾಗಿ ಹುಣಸೆ ಬೀಜ. ಕಾವೇರಿಗೆ ಉಲ್ಲನ್ ದಾರ. ಪ್ರಸಿದ್ಧ ಊರುಗಳಿಗೆ ಒಂದೊಂದು ಹೆಸರುಕಾಳು...

ಮಾಡಲು ಕೂತಿದ್ದು ಸಿಂಚನಳಿಗಾಗಿ. ಆದರೆ ಅಂಟು ಒಣಗುವಷ್ಟರಲ್ಲಿ ತಾಲ್ಲೂಕಿನ ಕಲಿಕೋಪಕರಣ ಮೇಳ ಬಂತು. ನಕ್ಷೆ ಅಲ್ಲಿಗೆ ಹೋಯಿತು. ಮೊದಲ ಬಹುಮಾನ!

ಹೆಡ್‌ಮಾಸ್ಟರ್ ರುದ್ರಮುನಿ ಸಾರ್ ಕುಣಿದಾಡಿಬಿಟ್ಟರು.

"ಮೇಡಂ, ಇದನ್ನ ಹಂಗೇ ಬಿಟ್ರೆ ಹುಡ್ರು ಕಾಳೆಲ್ಲ ಕಿತ್ತಾಕ್ತವೆ. ಗಾಜಿನ ಫ್ರೇಮ್ ಹಾಕ್ಸಿಬಿಡಣ!"

"ಹೌದು ಸಾರ್, ಧೂಳೂ ಕೂರಲ್ಲ" ಅಂದರು ಟೀಚರ್.

ಗಾಜು ಹಾಕಿಸಿ, ಆಫೀಸ್ ಪಕ್ಕದ ಗೋಡೆಯಲ್ಲಿ, ಎಲ್ಲರಿಗೂ ಕಾಣುವಂತೆ ಎತ್ತರದಲ್ಲಿ ನೇತುಹಾಕಿದರು. ಬಂದವರೆಲ್ಲ ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡರು...

ಒಂದು ದಿನ, ತರಬೇತಿ ಕೊಟ್ಟಿದ್ದ ಲೀಲಾವತಿ ಮೇಡಂ ಶಾಲೆಗೇ ಬಂದರು. ಬೇರೆ ಶಿಕ್ಷಕರಿಗೆ ಹೇಳಿಕೊಡಲು ಜಿಲ್ಲೆಗೆ ಒಬ್ಬ ಸಂಪನ್ಮೂಲ ವ್ಯಕ್ತಿ ಬೇಕಾಗಿತ್ತು. ಸುಮಂಗಲಾ ಟೀಚರ್ ಕಾದು ಕೂತಿದ್ದ ಅವಕಾಶ ಅದೇ!

"ಮಗು ಈ ನಕ್ಷೆ ಹೇಗೆ ಓದ್ತಾಳೆ ತೋರಿಸಿ. ವಿಡಿಯೋ ಮಾಡ್ಕೊಂಡು ಹೋಗ್ತೀನಿ" ಅಂದರು ಲೀಲಾವತಿ ಮೇಡಂ.

"ಈಗ ಫ್ರೇಮ್ ಬಿಚ್ಚೋಕೆ ಟೈಮೆಲ್ಲೈತೆ... ಹಂಗೇ ತೋರಿಸ್ತಾಳೆ ಬಿಡಿ" ಅಂತ ರುದ್ರಮುನಿ ಸಾರ್ ಟೀಚರ್ ಕಿವಿಯಲ್ಲಿ ಪಿಸುಗುಟ್ಟಿದರು.

ಟೀಚರ್ ಸಿಂಚನಳನ್ನು ಬೆಂಚಿನ ಮೇಲೆ ಹತ್ತಿಸಿದರು. ಅವಳ ಕೈ ಹಿಡಿದು ಗಾಜಿನ ಮೇಲಿಟ್ಟರು.

ಆ ಕೈ ಒಂದು ಕ್ಷಣ ಹಾಗೇ ನಿಂತಿತು. ತಣ್ಣಗೆ... ನುಣ್ಣಗೆ...

ಆಮೇಲೆ ಹುಡುಗಿ ಗಂಟಲು ಸರಿಮಾಡಿಕೊಂಡು ಶುರು ಮಾಡಿದಳು. "ಇದು ಬೀದರ್... ಇದು ರಾಯಚೂರು... ಇಲ್ಲಿ ಕಾವೇರಿ ಹರೀತಾಳೆ..."

ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು. ಪಕ್ಕದಲ್ಲಿದ್ದ ಟೀಚರ್ ಮಾತ್ರ ಬೆರಳು ನೋಡಿದರು.

ಬೀದರ್ ಅಂದಾಗ ಬೆರಳು ಕೊಡಗಿನ ಮೇಲಿತ್ತು. ಕಾವೇರಿ ಅಂದಾಗ... ನಕ್ಷೆಯಿಂದಾಚೆ, ಖಾಲಿ ಜಾಗದಲ್ಲಿ.

ಚಪ್ಪಾಳೆಯೋ ಚಪ್ಪಾಳೆ!

"ನಿಮ್ಮ ಹೆಸರೇ ಕಳಿಸ್ತೀನಿ ಸುಮಂಗಲಾ" ಅಂದರು ಲೀಲಾವತಿ ಮೇಡಂ. ಟೀಚರ್ ನಕ್ಕರು. ಆ ನಗು ಮುಖದ ಮೇಲೆ ಹಾಗೇ ಬಿಗಿದುಕೊಂಡಿತು...

ಊಟದ ಬೆಲ್ ಆದ ಮೇಲೆ ಟೀಚರ್ ಸಿಂಚನಳನ್ನು ಪಕ್ಕಕ್ಕೆ ಕರೆದರು.

"ಸಿಂಚು, ಕೈಗೆ ಏನಾದ್ರೂ ಸಿಕ್ತೇನೇ?"

"ಇಲ್ಲ ಮಿಸ್. ಕಿಟಕಿ ಮುಟ್ದಂಗಿತ್ತು."

"ಮತ್ಯಾಕೆ ಹಂಗೆ ಹೇಳ್ದೆ?"

ಹುಡುಗಿ ತಲೆ ತಗ್ಗಿಸಿದಳು. "'ಮಿಸ್ ನಿಂಗೋಸ್ಕರನೇ ಮಾಡವ್ರೆ' ಅಂತ ಎಲ್ರೂ ಅಂತಾರೆ. ನಂಗೇ ಗೊತ್ತಾಗ್ತಿಲ್ವೇನೋ, ನಂದೇ ತಪ್ಪೇನೋ ಅನ್ಕೊಂಡೆ... ಅಷ್ಟು ಜನದ ಮುಂದೆ ನಿಮಗೆ ಅವಮಾನ ಆಗ್ಬಾರ್ದಲ್ವಾ ಮಿಸ್?"

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಟೀಚರ್‌ಗೆ.

ಗಾಜು ಹಾಕಿಸಿದ್ದು ಹೆಡ್‌ಮಾಸ್ಟರ್ ತಾನೇ, ಅಂತ ಮನಸ್ಸು ಒಂದು ಸಲ ಜಾರಿಕೊಳ್ಳಲು ನೋಡಿತು. ಆದರೆ 'ಹೌದು ಸಾರ್' ಅಂದವರು ಯಾರು? ಅವಳ ಕೈಯನ್ನು ಗಾಜಿನ ಮೇಲೆ ಇಟ್ಟವರು ಯಾರು?

ಸೀದಾ ಆಫೀಸ್ ರೂಮಿಗೆ ಹೋದರು. ಲೀಲಾವತಿ ಮೇಡಂ ಟೀ ಕುಡಿಯುತ್ತಿದ್ದರು.

"ಮೇಡಂ, ನನ್ನ ಹೆಸರು ಕಳಿಸ್ಬೇಡಿ. ಆ ಮಗು ನನ್ನ ನಕ್ಷೆನ ಒಂದ್ ಸಲಾನೂ ಮುಟ್ಟಿಲ್ಲ. ಇವತ್ತು ಹೇಳಿದ್ದೆಲ್ಲ ನನ್ನ ಮರ್ಯಾದೆ ಉಳಿಸೋಕೆ..."

ರುದ್ರಮುನಿ ಸಾರ್ ಅದ್ದಿದ್ದ ಬಿಸ್ಕೆಟ್ ಟೀಯೊಳಗೇ ಬಿದ್ದುಹೋಯಿತು! "ಏನ್ ಮೇಡಂ ನೀವು, ಯಾರ್ ಕೇಳಿದ್ರು ನಿಮ್ಮನ್ನ?"

ಲೀಲಾವತಿ ಮೇಡಂ ಲೋಟ ಕೆಳಗಿಟ್ಟರು. "ಗಾಜು ನಾನೂ ನೋಡ್ದೆ ಸುಮಂಗಲಾ. ಹಾಕೋಕೆ ಮುಂಚೆನೇ ಕಲ್ತಿರ್ತಾಳೆ ಅನ್ಕೊಂಡೆ... ಈ ಸಲ ನಿಮ್ಮ ಹೆಸರು ಕಳಿಸೋಕಾಗಲ್ಲ."

"ಸರಿ ಮೇಡಂ."

ಹೊರಗೆ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೆಂಚು ಹತ್ತಿ ತಾವೇ ಫ್ರೇಮ್ ಇಳಿಸಿದರು. ಹಿಂದಿನ ಮೊಳೆ ಕಿತ್ತು ಗಾಜು ತೆಗೆದರು. ನಕ್ಷೆಯನ್ನು ಕಟ್ಟೆಯ ಮೇಲೆ ಹಾಸಿ ಸಿಂಚನಳನ್ನು ಕರೆದರು.

ಅವಳ ಹತ್ತೂ ಬೆರಳು ಓಡತೊಡಗಿದವು... ಹುಣಸೆ ಬೀಜ ಸಿಕ್ಕಾಗ "ಅಯ್ಯೋ ಮಿಸ್, ಬೆಟ್ಟ!" ಅಂತ ಕೂಗಿದಳು.

ಆಮೇಲೆ ಬೆರಳುಗಳು ನಿಂತವು.

"ಮಿಸ್, ನಮ್ ಶಿರಾ ಎಲ್ಲಿ?"

ಟೀಚರ್ ನೋಡಿದರು. ಹಂಪಿಗೆ ಕಾಳಿತ್ತು. ಮೈಸೂರಿಗೆ ಇತ್ತು. ಮೇಳದ ಜಡ್ಜ್‌ಗಳು ಹುಡುಕುವ ಊರಿಗೆಲ್ಲ ಇತ್ತು. ಶಿರಾಕ್ಕೆ ಮಾತ್ರ ಇರಲಿಲ್ಲ...

ತಮ್ಮ ಹಣೆಯ ಹರಳಿನ ಬೊಟ್ಟನ್ನು ಕಿತ್ತು, ತುಮಕೂರಿನ ಕಾಳಿಗಿಂತ ಸ್ವಲ್ಪ ಮೇಲೆ ಒತ್ತಿ ಅಂಟಿಸಿದರು. ಅವಳ ಬೆರಳನ್ನು ತಂದು ಅದರ ಮೇಲಿಟ್ಟರು.

"ಇಷ್ಟೇ ಇಷ್ಟಾ!" ಸಿಂಚನ ಕಿಲಕಿಲ ನಕ್ಕಳು. "ಹೋಗ್ಲಿ ಬಿಡಿ ಮಿಸ್... ಐತಲ್ಲ, ಸಾಕು!"

ಅವಳಿಗೆ ಕಣ್ಣು ಕಾಣುವುದಿಲ್ಲ. ಆದರೂ ಅವಳಿಗೆ ಮುಖ ಕೊಟ್ಟು ಮಾತಾಡಲು ಟೀಚರ್‌ಗೆ ಆಗಲಿಲ್ಲ. ಕಣ್ಣೊರೆಸಿಕೊಳ್ಳುತ್ತಾ ಪಕ್ಕಕ್ಕೆ ತಿರುಗಿ ನಿಂತುಬಿಟ್ಟರು...

*

ಮಗುವಿನ ಕೈಗೆ ಸಿಗದ ಪಾಠ, ಎಷ್ಟೇ ಚಂದ ಇದ್ದರೂ, ಅದು ನಮ್ಮ ಮೆರವಣಿಗೆ ಅಷ್ಟೇ.

ಒಬ್ಬರಿಗೋಸ್ಕರ ಅಂತ ಹೇಳಿಕೊಂಡು ಮಾಡಿದ ಕೆಲಸ ಅವರಿಗೆ ತಲುಪಿತಾ ಅಂತ... ನೀವು ಅವರನ್ನೇ ಕೇಳಿದ್ದೀರಾ?