ಹೆಗಲಿನ ಜೋಡಿ

ಹೆಗಲು ನೋವಿಗೆಂದು ಸರ್ಕಾರ ನೇಕಾರಗಿತ್ತಿ ಗುರವ್ವನಿಗೆ ಜೋಡಿಯಾಗಿ ಕೊಟ್ಟಿದ್ದು ಟೇಲರ್ ಮಕ್ತುಮಸಾಬನನ್ನು. ಯಾವ ಕಾಯಿಲೆಗೂ ಕಾನೂನು ಹೀಗೆಯೇ. ಯಾವ ಚಿಕಿತ್ಸೆ ಮೇಲೆಂದು ತಿಳಿಯಲು ಒಂದೇ ನೋವಿನ ಇಬ್ಬರನ್ನು ಹುಡುಕಿ, ಚೀಟಿ ಎತ್ತಿ, ಒಬ್ಬೊಬ್ಬರಿಗೆ ಒಂದೊಂದು ಚಿಕಿತ್ಸೆ ಕೊಡುತ್ತಾರೆ; ಗೆದ್ದದ್ದನ್ನು ಆಮೇಲೆ ಎಲ್ಲರಿಗೂ ಕೊಡುತ್ತಾರೆ. ಗುರವ್ವನಿಗೆ ಸೂಜಿ ಬಂದಿತ್ತು, ಮಕ್ತುಮಸಾಬನಿಗೆ ಗೋಡೆಗೆ ಕೈ ತಿಕ್ಕುತ್ತ ಮೇಲೇರಿಸುವ ವ್ಯಾಯಾಮ. ರಾಜ್ಯದಲ್ಲಿ ಇಂಥ ನಾಲ್ಕು ಸಾವಿರ ಜೋಡಿಗಳಿದ್ದವು.

ಆರು ತಿಂಗಳು ಕಳೆದು, ಗುಳೇದಗುಡ್ಡದ ಜೋಡಿ ಕಚೇರಿಯಲ್ಲಿ ಕೈ ಎಷ್ಟು ಮೇಲೇಳುತ್ತದೆಂಬ ಕೊನೆಯ ಅಳತೆ ನಡೆಯಿತು. ಮಕ್ತುಮಸಾಬನ ಕೈ ಕಿವಿಯ ಮಟ್ಟಕ್ಕೆ ಬಂದು ನಿಂತಿತು. ಗುಮಾಸ್ತೆ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದಳು.

ಗುರವ್ವನ ನೋವು ಎಂದೋ ಹೋಗಿತ್ತು. ಆದರೆ ಪ್ರತಿ ತಿಂಗಳೂ ತನಗಾಗಿ ಚುರುಮುರಿ ಕಟ್ಟಿಸಿಕೊಂಡು ಬರುವ ಮನುಷ್ಯನನ್ನು ಸೋಲಿಸಲು ಮನಸ್ಸಾಗದೆ, ಅವಳೂ ಕಿವಿಯ ಮಟ್ಟಕ್ಕೇ ಕೈ ನಿಲ್ಲಿಸಿದಳು.

"ಅಕ್ಕಾರ, ನೀವು ಬಸ್ಸಿನ ಮ್ಯಾಲಿನ ಕಂಬಿ ಹಿಡಕೊಂಡು ನಿಂತದ್ದು ನಾ ನೋಡೇನಿ," ಎಂದ ಮಕ್ತುಮಸಾಬ.

"ನಿಮಗ ಬ್ಯಾಸರ ಆಗಬಾರದಂತ ಹಿಂಗ ಮಾಡಿದೆ."

"ಎಲ್ಲಾರೂ ಹಿಂಗ ಮಾಡಿದ್ರ ಎರಡೂ ಒಂದ ಅಂತ ಬರೀತಾರ. ಆಮ್ಯಾಲ ನಾ ಸಾಯೂತನಾ ಗ್ವಾಡಿಗೆ ಕೈ ತಿಕ್ಕಬೇಕು. ಪೂರಾ ಎತ್ರಿ."

ಗುರವ್ವ ನಕ್ಕು ಕೈ ಎತ್ತಿದಳು. ಗೆರೆ ಎಳೆಯಲು ಗುಮಾಸ್ತೆ ಸ್ಟೂಲು ಹತ್ತಬೇಕಾಯಿತು.

ಎಲ್ಲ ತಾಲ್ಲೂಕುಗಳ ಅಳತೆಯೂ ಸೇರಿ ಸಂಜೆಯ ಹೊತ್ತಿಗೆ ಆದೇಶ ಬಂತು: ಇಂಥ ಹೆಗಲಿಗೆ ಸೂಜಿಯೇ ಮೇಲು. ನರ್ಸಿನ ಮುಂದೆ ಕೂತು ಅಂಗಿಯ ತೋಳು ಮಡಚುತ್ತ ಮಕ್ತುಮಸಾಬ ಮೆಲ್ಲಗೆ ಕೇಳಿದ, "ಭಾಳ ನೋವಾಗ್ತದೇನ್ರಿ?"

"ಇರಿವಿ ಕಡದಂಗ, ಅಷ್ಟ," ಎಂದು ಗುರವ್ವ ಅವನ ಪಕ್ಕದಲ್ಲೇ ಕೂತಳು.